ಬಿಳಿಯದು ಹೊಗೆಯೋ, ಹಬೆಯೋ?

ಶಿಕಾರಿಪುರದ ಒಂದು ಪ್ರೌಢಶಾಲೆಯಲ್ಲಿ ನನ್ನ ಅಭ್ಯಾಸ ಬೋಧನೆಯ ಮೂರನೇ ವಾರ. ಒಂಬತ್ತನೇ ತರಗತಿ, ‘ನಮ್ಮ ಸುತ್ತಲಿನ ದ್ರವ್ಯ’ ಘಟಕ, ಆವೀಕರಣದ ಗುಪ್ತೋಷ್ಣ. ಪಾಠಯೋಜನೆಯ ‘ತೊಡಗಿಸಿಕೊಳ್ಳುವಿಕೆ’ ಹಂತಕ್ಕೆ ಉಗಿ ಎಂಜಿನ್ನಿನ ದೊಡ್ಡ ಚಿತ್ರಪಟವನ್ನು ಎರಡು ರಾತ್ರಿ ಕೂತು ಬರೆದಿದ್ದೆ. ಚಿಮಣಿಯಿಂದ ಮೋಡದಂತೆ ಬಿಳಿ ಸುರುಳಿ. ಅದಕ್ಕೆ ಬಾಣದ ಗುರುತು ಹಾಕಿ ‘ಹಬೆ’ ಎಂದು ಬರೆದಿದ್ದೆ.

ಮೊದಲ ಪ್ರಶ್ನೆಯಾಗಿ “ಎಷ್ಟು ಜನ ರೈಲು ಹತ್ತಿದ್ದೀರಿ?” ಎಂದು ಕೇಳಿದೆ. ನಲವತ್ತೊಂದು ಮಕ್ಕಳಲ್ಲಿ ಒಂಬತ್ತು ಕೈಗಳು ಎದ್ದವು. ಇದರಲ್ಲಿ ಆಶ್ಚರ್ಯವೇನಿಲ್ಲ. ಶಿಕಾರಿಪುರಕ್ಕಾಗಲಿ, ನನ್ನ ಊರಿರುವ ಸೊರಬ ತಾಲ್ಲೂಕಿಗಾಗಲಿ ಇನ್ನೂ ರೈಲು ಬಂದಿಲ್ಲ. ರೈಲು ಹತ್ತಬೇಕೆಂದರೆ ಬಸ್ಸು ಹಿಡಿದು ಸಾಗರಕ್ಕೋ ತಾಳಗುಪ್ಪಕ್ಕೋ ಶಿವಮೊಗ್ಗಕ್ಕೋ ಹೋಗಬೇಕು. ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೋಗುವ ಹೊಸ ಮಾರ್ಗದ ಕೆಲಸ ನಡೆಯುತ್ತಿರುವುದರಿಂದ ಮಕ್ಕಳ ಬಾಯಲ್ಲಿ ಈಗ ರೈಲಿನದೇ ಮಾತು. ಅದಕ್ಕೇ ನಾನು ಆ ಚಿತ್ರವನ್ನು ಆರಿಸಿಕೊಂಡಿದ್ದು.

ಪಾಠ ಚೆನ್ನಾಗಿಯೇ ಸಾಗಿತ್ತು. ಕುದಿಯುವ ಕೆಟಲಿನ ಮುಚ್ಚಳ ಎದ್ದೆದ್ದು ಬೀಳುವುದನ್ನು ನೋಡಿ ಜೇಮ್ಸ್ ವ್ಯಾಟ್ ಉಗಿ ಎಂಜಿನ್ ಕಂಡುಹಿಡಿದ ಕತೆಯನ್ನೂ ಹೇಳಿದೆ. ಆಗ ಕೊನೆಯ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ.

“ಮಿಸ್, ಅದು ಹಬೆ ಅಂದ್ರಿ. ಹಬೆ ಆದ್ರೆ ನಮ್ಮಜ್ಜಿ ಅದನ್ನ ಹೊಗೆಬಂಡಿ ಅಂತಾರಲ್ಲ ಯಾಕೆ? ಬಿಳಿಯದು ಹೊಗೆನೋ ಹಬೆನೋ?”

“ಹಬೆಯೇ” ಎಂದೆ.

“ಮತ್ತೆ ಛುಕ್ ಛುಕ್ ಅಂತ ಶಬ್ದ ಎಲ್ಲಿಂದ ಬರುತ್ತೆ ಮಿಸ್?”

ನನಗೆ ಗೊತ್ತಿರಲಿಲ್ಲ. ತರಗತಿಯ ಹಿಂದೆ ಮೇಲ್ವಿಚಾರಕರು ಅವಲೋಕನ ಪುಸ್ತಕ ಹಿಡಿದು ಕೂತಿದ್ದರು. “ಚಕ್ರ ಹಳಿಗೆ ತಾಗಿದಾಗ ಬರುವ ಶಬ್ದ” ಎಂದುಬಿಟ್ಟೆ. ಹುಡುಗ ಕೂತ. ಆ ಸಂಜೆ ನನ್ನ ದಿನಚರಿಯಲ್ಲಿ ‘ವಿದ್ಯಾರ್ಥಿಗಳ ಸಂದೇಹಗಳನ್ನು ಪರಿಹರಿಸಲಾಯಿತು’ ಎಂದು ಬರೆದೆ. ಅಂಕವೂ ಚೆನ್ನಾಗಿ ಬಂದಿತ್ತು. ಆದರೆ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬರುವ ಬಸ್ಸಿನಲ್ಲಿ ಕೂತಾಗ ಆ ಹುಡುಗ ಕೂತ ರೀತಿ ನೆನಪಾಗುತ್ತಲೇ ಇತ್ತು. ಉತ್ತರ ಸಿಕ್ಕಿ ಕೂತವನ ಹಾಗಿರಲಿಲ್ಲ ಅದು.

ಆ ಭಾನುವಾರ ನಾವು ಮನೆಮಂದಿಯೆಲ್ಲ ಅರಸಾಳಿಗೆ ಹೋಗುವುದೆಂದು ಮೊದಲೇ ಗೊತ್ತಾಗಿತ್ತು. ಹಟ ಹಿಡಿದವನು ಪಿಯುಸಿ ಓದುವ ತಮ್ಮ. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಾಣಿಸಿಕೊಂಡದ್ದು ಹೊಸನಗರ ತಾಲ್ಲೂಕಿನ ಈ ಅರಸಾಳು. ಅಲ್ಲಿಯ ಹಳೇ ನಿಲ್ದಾಣದ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಗಿ ತೆರೆದಿದ್ದಾರೆ. ಅಪ್ಪ “ಒಂದು ದಿನದ ತೋಟದ ಕೆಲಸ ಕೆಡ್ತದೆ” ಎಂದರು. ಅಮ್ಮ ಹಿಂದಿನ ರಾತ್ರಿಯೇ ಬುತ್ತಿಯ ಲೆಕ್ಕ ಹಾಕಿದ್ದರಿಂದ ಅವರ ಮಾತು ನಡೆಯಲಿಲ್ಲ. ಬರುವುದಿಲ್ಲ ಎಂದು ಕೂತವರು ಅಜ್ಜ ಒಬ್ಬರೇ.

“ಹೊಗೆ ಇಲ್ಲದ ಗಾಡಿ ಎಂಥ ಗಾಡಿ? ನಾನು ಬರೋದಿಲ್ಲ.”

ಅಜ್ಜನಿಗೆ ಈಗ ಎಪ್ಪತ್ತೆಂಟು. ಮೊಣಕಾಲು ನೋವು. ಪ್ರಾಯದಲ್ಲಿ ನಾಲ್ಕು ವರ್ಷ ಒಂದು ಎಂಜಿನ್ ಷೆಡ್ಡಿನಲ್ಲಿ ದಿನಗೂಲಿ ಖಲಾಸಿಯಾಗಿ ದುಡಿದಿದ್ದರು. ಮುತ್ತಜ್ಜ ತೀರಿಕೊಂಡ ಮೇಲೆ ಗದ್ದೆ ನೋಡುವವರಿಲ್ಲದೆ ಊರಿಗೆ ಮರಳಿದರು. ಆ ನಾಲ್ಕು ವರ್ಷಗಳ ಕತೆಯನ್ನು ಅವರು ಎಷ್ಟೋ ಸಲ ಶುರುಮಾಡಿದ್ದಾರೆ. ನಾವು ಎಷ್ಟೋ ಸಲ ಮಧ್ಯದಲ್ಲೇ ಎದ್ದು ಹೋಗಿದ್ದೇವೆ. ಆ ಬೆಳಿಗ್ಗೆ ಅವರನ್ನು ಒಪ್ಪಿಸಲು ಬೇರೇನೂ ತೋಚದೆ, “ಅಜ್ಜ, ಛುಕ್ ಛುಕ್ ಶಬ್ದ ಎಲ್ಲಿಂದ ಬರ್ತದೆ?” ಎಂದು ಕೇಳಿದೆ. ಅಜ್ಜ ನನ್ನ ಮುಖವನ್ನೇ ನೋಡಿದರು. “ನೀನು ಬಿ.ಎಸ್ಸಿ. ಓದಿದ್ದೀ ಅಲ್ವಾ?” ಎಂದು ಕೇಳಿ, ಎದ್ದು ಪಂಚೆ ಬದಲಿಸಿಕೊಳ್ಳಲು ಹೋದರು.

ಸಾಗರದವರೆಗೆ ಬಸ್ಸು. ಸಾಗರ ಜಂಬಗಾರು ನಿಲ್ದಾಣದಲ್ಲಿ ಗಾಡಿ ಬರುವವರೆಗೆ ಅಜ್ಜ ಹಳಿಯ ಕಡೆಗೇ ನೋಡುತ್ತಿದ್ದರು. “ಎಷ್ಟು ಅಗಲ ಆಗಿಹೋಗಿದೆ” ಎಂದರು. ನಿಜ. ಅವರು ಕಂಡದ್ದು ಮೀಟರ್‌ಗೇಜ್. ಎರಡು ಹಳಿಗಳ ನಡುವೆ ಸರಿಯಾಗಿ 1,000 ಮಿಲಿಮೀಟರ್. ಈಗಿನ ಬ್ರಾಡ್‌ಗೇಜ್ 1,676 ಮಿಲಿಮೀಟರ್. ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್‌ಗೇಜ್ ಬಂದದ್ದು 1899ರಲ್ಲಿ. ಅದು ಮಲೆನಾಡಿನ ಕಾಡು ಹಾಯ್ದು ತಾಳಗುಪ್ಪ ಮುಟ್ಟಿದ್ದು 1940ರ ಹೊತ್ತಿಗೆ, ಜೋಗದಲ್ಲಿ ವಿದ್ಯುತ್ ತಯಾರಿಸುವ ಯೋಜನೆ ಎದ್ದು ನಿಲ್ಲುತ್ತಿದ್ದ ಕಾಲದಲ್ಲಿ. ಕೊನೆಕೊನೆಗೆ ಆ ಹಳಿಯ ಮೇಲೆ ಒಂದೇ ಡಬ್ಬಿಯ ರೈಲ್‌ಬಸ್ ಓಡುತ್ತಿತ್ತು. ಅದನ್ನು ಅಮ್ಮ ಹತ್ತಿದ್ದಾರೆ. ಬ್ರಾಡ್‌ಗೇಜ್ ಆದ ಮೇಲೆ ಅಜ್ಜ ಈ ದಾರಿಯಲ್ಲಿ ಬಂದೇ ಇರಲಿಲ್ಲ.

ಗಾಡಿ ಹೊರಟಿತು. ಕಿಟಕಿಯ ಪಕ್ಕ ಅಜ್ಜ, ಎದುರಿಗೆ ನಾನು. ಆನಂದಪುರ ದಾಟುವವರೆಗೆ ಅವರು ಹೇಳಿದ್ದನ್ನು ನಾನು ಟಿಕೆಟಿನ ಹಿಂದೆಯೂ ಆಮೇಲೆ ಬುತ್ತಿ ಸುತ್ತಿದ್ದ ಕಾಗದದ ಮೇಲೂ ಬರೆದುಕೊಂಡೆ.

“ಹಬೆ ಕಣ್ಣಿಗೆ ಕಾಣೋದಿಲ್ಲ ಮಗಾ. ಷೆಡ್ಡಿನಲ್ಲಿ ನಮಗೆ ಮೊದಲು ಹೇಳಿಕೊಡ್ತಿದ್ದದ್ದೇ ಅದು. ಪೈಪು ಸೀಳಿ ಹಬೆ ಹೊರಗೆ ಬರ್ತಾ ಇದ್ರೆ, ಸೀಳಿದ ಜಾಗದಲ್ಲಿ ಏನೂ ಕಾಣೋದಿಲ್ಲ. ಒಂದು ಗೇಣು ಆಚೆಗೆ ಬೆಳ್ಳಗೆ ಕಾಣ್ತದೆ. ಬೆಳ್ಳಗಿದ್ದಲ್ಲಿ ಕೈ ಇಟ್ರೆ ಬಿಸಿ. ಏನೂ ಕಾಣದ ಜಾಗದಲ್ಲಿ ಕೈ ಇಟ್ರೆ ಚರ್ಮ ಉಳಿಯೋದಿಲ್ಲ.”

ಆವೀಕರಣದ ಗುಪ್ತೋಷ್ಣವನ್ನು ನಾನು ಪ್ರತಿ ಕಿಲೋಗ್ರಾಮಿಗೆ ಸುಮಾರು 22.6 ಲಕ್ಷ ಜೌಲ್ ಎಂದು ಕಲಿಸಿದ್ದೆ. 100 ಡಿಗ್ರಿಯ ನೀರಿಗಿಂತ 100 ಡಿಗ್ರಿಯ ಹಬೆಯಿಂದ ಸುಟ್ಟ ಗಾಯ ಹೆಚ್ಚು ತೀವ್ರ ಎಂದು ಫಲಕದ ಮೇಲೆ ಬರೆಸಿಯೂ ಇದ್ದೆ. ಆ ಹಬೆ ಕಾಣುವುದಿಲ್ಲ, ಕಾಣುವ ಬಿಳುಪು ತಣಿದು ಸಣ್ಣ ಹನಿಯಾದ ನೀರು ಎಂಬುದನ್ನು ನಾನು ಪದವಿಯಲ್ಲಿ ಓದಿದ್ದೆ. ಓದಿದ್ದನ್ನು ಮಾತ್ರ ನನ್ನದೇ ಚಿತ್ರಪಟಕ್ಕೆ ಹೊಂದಿಸಿ ನೋಡಿರಲಿಲ್ಲ.

ಇನ್ನು ಚಿಮಣಿಯ ವಿಷಯ. ಬೆಂಕಿಗೂಡಿನ ಹೊಗೆ ಬಾಯ್ಲರಿನ ನೀರಿನ ನಡುವೆ ಹಾಯ್ದಿರುವ ನೂರಾರು ಕೊಳವೆಗಳ ಮೂಲಕ ಮುಂದಕ್ಕೆ ಬಂದು ಚಿಮಣಿಯಿಂದ ಹೊರಹೋಗುತ್ತದೆ. ಸಿಲಿಂಡರಿನಲ್ಲಿ ಪಿಸ್ಟನ್ನನ್ನು ತಳ್ಳಿ ಕೆಲಸ ಮುಗಿಸಿದ ಹಬೆಯೂ ಅದೇ ಚಿಮಣಿಗೆ ಬರುತ್ತದೆ. ಹಾಗಾಗಿ ಹುಡುಗನ ಪ್ರಶ್ನೆಗೆ ಉತ್ತರ ‘ಎರಡೂ’. ಹೊಸದಾಗಿ ಕಲ್ಲಿದ್ದಲು ಎಸೆದಾಗ ಕಪ್ಪು ಹೊಗೆ, ಚಳಿಯ ಬೆಳಗ್ಗೆ ತಣಿದ ಹಬೆಯ ಬಿಳುಪು. ನಮ್ಮ ಹಿರಿಯರು ಹೊಗೆಬಂಡಿ ಎಂದೂ ಉಗಿಬಂಡಿ ಎಂದೂ ಎರಡು ಹೆಸರಿಟ್ಟು ಕರೆದದ್ದರಲ್ಲಿ ಯಾವುದೂ ತಪ್ಪಲ್ಲ.

“ಛುಕ್ ಛುಕ್ ಅನ್ನೋದು ಎಂಜಿನ್ನಿನ ಉಸಿರು” ಎಂದರು ಅಜ್ಜ. ಸಿಲಿಂಡರಿನಿಂದ ಪ್ರತಿ ಸಲ ಹಬೆ ಹೊರಬಿದ್ದು ಚಿಮಣಿಗೆ ನುಗ್ಗಿದಾಗ ಒಂದು ‘ಛುಕ್’. ಎಂಜಿನ್ನಿಗೆ ಎಡಕ್ಕೊಂದು ಬಲಕ್ಕೊಂದು ಸಿಲಿಂಡರು. ಪ್ರತಿಯೊಂದರಲ್ಲೂ ಪಿಸ್ಟನ್ನಿನ ಎರಡು ಬದಿಗೂ ಹಬೆ ಕೆಲಸ ಮಾಡುತ್ತದೆ. ಆದ್ದರಿಂದ ಚಕ್ರ ಒಂದು ಸುತ್ತು ಸುತ್ತುವಷ್ಟರಲ್ಲಿ ನಾಲ್ಕು ಛುಕ್. ಹೀಗೆ ನುಗ್ಗುವ ಹಬೆ ಹೊಗೆಯನ್ನೂ ತನ್ನೊಡನೆ ಎಳೆದುಕೊಂಡು ಹೋಗುತ್ತದೆ. ಆ ಎಳೆತಕ್ಕೆ ಬೆಂಕಿಗೂಡಿನೊಳಗೆ ಹೊಸ ಗಾಳಿ ಹೊಕ್ಕು ಬೆಂಕಿ ಜೋರಾಗುತ್ತದೆ. ಏರು ಹತ್ತುವಾಗ ಎಂಜಿನ್ ಹೆಚ್ಚು ದುಡಿದಷ್ಟೂ ಬೆಂಕಿ ತಾನಾಗಿ ಹೆಚ್ಚು ಉರಿಯುತ್ತದೆ. ನಾನು ಪೆನ್ನು ಕೆಳಗಿಟ್ಟು ಹೊರಗೆ ನೋಡಿದೆ. ಎಂಥ ಪಾಠವಾಗಬಹುದಿತ್ತು ಅದು! ನಾನು ‘ಚಕ್ರ ಹಳಿಗೆ ತಾಗಿದಾಗ’ ಎಂದು ಅದರ ಬಾಯಿ ಮುಚ್ಚಿದ್ದೆ.

ಅರಸಾಳು ಸಣ್ಣ ನಿಲ್ದಾಣ. ಹಳೇ ಕಟ್ಟಡದಲ್ಲಿ ಮಾಲ್ಗುಡಿಯ ಪಾತ್ರಗಳು, ಹೊರಗೆ ಮೀಟರ್‌ಗೇಜಿನ ಎರಡು ಹಳೇ ಬೋಗಿಗಳಲ್ಲಿ ‘ಮಾಲ್ಗುಡಿ ಚಾಯ್’. ಧಾರಾವಾಹಿಯ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರೇ ಮ್ಯೂಸಿಯಮ್ಮನ್ನೂ ರೂಪಿಸಿದ್ದಾರೆ. ತಮ್ಮ ಸ್ವಾಮಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ಅಪ್ಪ ಬೋಗಿಯ ಅಗಲವನ್ನು ಹೆಜ್ಜೆಯಲ್ಲಿ ಅಳೆದು, “ಇಷ್ಟರಲ್ಲಿ ಅಡಿಕೆ ಮೂಟೆ ಜೊತೆ ನಾವೂ ಕೂತು ಬರ್ತಿದ್ವಲ್ಲ” ಎಂದು ನಕ್ಕರು. ಅಜ್ಜ ಬೋಗಿಯ ಕಂಬಿಯನ್ನು ಹಿಡಿದು ಸ್ವಲ್ಪ ಹೊತ್ತು ನಿಂತರು. ಒಳಗೆ ಹತ್ತಲು ಮೊಣಕಾಲು ಬಿಡಲಿಲ್ಲ. ನಾನು ಅವರ ಚಹಾವನ್ನು ಹೊರಗಿನ ಬೆಂಚಿಗೇ ತಂದುಕೊಟ್ಟೆ.

ಅಲ್ಲಿ ಕೂತಾಗ ತರಗತಿಯಲ್ಲಿ ನಡೆದದ್ದನ್ನು ಹೇಳಿದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ಹೇಳಿದ್ದು, ದಿನಚರಿಯಲ್ಲಿ ಬರೆದದ್ದು ಎಲ್ಲವನ್ನೂ. ಅಜ್ಜ ನನ್ನನ್ನು ಸಮಾಧಾನ ಮಾಡಲಿಲ್ಲ. ಅವರು ಹೇಳಿದ ಸಂಗತಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಬಹುಶಃ ನಾವು ಎದ್ದು ಹೋಗುತ್ತಿದ್ದ ಜಾಗದ ನಂತರ ಬರುತ್ತಿದ್ದ ಕತೆ ಅದು.

ಷೆಡ್ಡಿನಲ್ಲಿ ರಾತ್ರಿಯಿಡೀ ಎಂಜಿನ್ನಿನ ಬೆಂಕಿ ಆರದಂತೆ ನೋಡಿಕೊಳ್ಳುವ ಕೆಲಸ ಅವರದು. ಬಾಯ್ಲರಿನಲ್ಲಿ ನೀರು ಎಷ್ಟಿದೆ ಎಂದು ತೋರಿಸುವ ಗಾಜಿನ ಕೊಳವೆ ಇರುತ್ತದೆ, ಗೇಜ್ ಗ್ಲಾಸ್. ಅದನ್ನು ಆಗಾಗ ನೋಡುತ್ತಿರಬೇಕು. ನೀರಿನ ಮಟ್ಟ ಬೆಂಕಿಗೂಡಿನ ಮೇಲ್ಚಾವಣಿಗಿಂತ ಕೆಳಗಿಳಿದರೆ ಆ ತಗಡು ಕಾದು ಮೆತ್ತಗಾಗಿ, ಒತ್ತಡ ತಾಳದೆ ಬಾಯ್ಲರ್ ಸಿಡಿಯಬಹುದು. ಅದಕ್ಕೇ ಆ ಚಾವಣಿಯಲ್ಲಿ ಸೀಸ ತುಂಬಿದ ಬಿರಡೆಗಳನ್ನು ಇಟ್ಟಿರುತ್ತಾರೆ. ನೀರು ತೀರ ಇಳಿದರೆ ಮೊದಲು ಸೀಸ ಕರಗಿ, ಹಬೆ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುತ್ತದೆ.

“ಒಂದು ರಾತ್ರಿ ನಿದ್ದೆ ಎಳೀತಿತ್ತು. ಮಿಸ್ತ್ರಿ ಬಂದು ‘ಗ್ಲಾಸ್ ನೋಡಿದ್ಯೇನೋ?’ ಅಂದ್ರು. ನೋಡಿರಲಿಲ್ಲ. ನೋಡಿದ್ದೀನಿ ಅಂದೆ. ಅವರಿಗೆ ನನ್ನ ದನಿಯಲ್ಲೇ ಗೊತ್ತಾಯ್ತೋ ಏನೋ, ತಾವೇ ಮೇಲೆ ಹತ್ತಿ ನೋಡಿದ್ರು. ಗ್ಲಾಸಿನ ತಳದಲ್ಲಿ ಬೆರಳಗಲ ನೀರು. ಬೇಗ ಬೇಗ ನೀರು ಬಿಟ್ರು. ನನಗೆ ಹೊಡೀಲಿಲ್ಲ, ಬೈಲಿಲ್ಲ. ‘ನೋಡಿಲ್ಲ ಅಂದಿದ್ರೆ ನಿನ್ನ ಮಾನ ಒಂದು ಗಳಿಗೆ ಹೋಗ್ತಿತ್ತು. ನೋಡಿದ್ದೀನಿ ಅಂದೆ, ಷೆಡ್ಡಿನಲ್ಲಿ ಮಲಗಿದ್ದವರೆಲ್ಲ ಹೋಗ್ತಿದ್ರು’ ಅಂದ್ರು.”

ಚಹಾ ತಣ್ಣಗಾಗಿತ್ತು. ಅಜ್ಜ ಅದನ್ನು ಒಂದೇ ಗುಟುಕಿಗೆ ಕುಡಿದು, “ನಿನ್ನ ಹುಡುಗ್ರು ಸಾಯೋದಿಲ್ಲ ಬಿಡು. ಆದ್ರೆ ಕೇಳೋದು ನಿಲ್ಲಿಸ್ತಾರೆ” ಎಂದರು.

ಆ ರಾತ್ರಿ ಮನೆಗೆ ಬಂದು ಮೂತಿಯಿರುವ ಕೆಟಲಿನಲ್ಲಿ ನೀರು ಕುದಿಸಿದೆ. ಮೂತಿಯ ಬಾಯಿಗೂ ಬಿಳುಪು ಶುರುವಾಗುವ ಜಾಗಕ್ಕೂ ನಡುವೆ ಏನೂ ಕಾಣದ ಸಣ್ಣ ಅಂತರ. ತಣ್ಣನೆಯ ಚಮಚ ಹಿಡಿದರೆ ಹನಿಗಳು. ಇಷ್ಟು ವರ್ಷ ಕಡುಬಿನ ಪಾತ್ರೆಯ ಮುಂದೆ ನಿಂತಿದ್ದರೂ ನಾನು ಆ ಅಂತರವನ್ನು ನೋಡಿರಲಿಲ್ಲ. ಆಮೇಲೆ ಪುಸ್ತಕ ತೆಗೆದು ವ್ಯಾಟನ ಕತೆಯನ್ನೂ ಪರೀಕ್ಷಿಸಿದೆ. ಥಾಮಸ್ ನ್ಯೂಕೊಮೆನ್ ಎಂಬವನ ಉಗಿ ಎಂಜಿನ್ 1712ರಲ್ಲೇ ಗಣಿಗಳಿಂದ ನೀರೆತ್ತುತ್ತಿತ್ತು. ಅದರಲ್ಲಿ ಶಾಖ ಪೋಲಾಗುವುದನ್ನು ಕಂಡು, ಹಬೆಯನ್ನು ತಣಿಸಲು ಬೇರೆಯೇ ಪಾತ್ರೆ ಜೋಡಿಸಿ 1769ರಲ್ಲಿ ಪೇಟೆಂಟ್ ಪಡೆದವನು ವ್ಯಾಟ್. ಅವನು ಇದ್ದ ಎಂಜಿನ್ನನ್ನು ಸುಧಾರಿಸಿದವನು. ಒಂದೇ ಪಾಠದಲ್ಲಿ ನಾನು ಮೂರು ತಪ್ಪು ಹೇಳಿದ್ದೆ.

ಮುಂದಿನ ಅವಲೋಕನದ ಪಾಠಕ್ಕೆ ಬೇರೆ ವಿಷಯ ನಿಗದಿಯಾಗಿತ್ತು. ಪಾಠಯೋಜನೆಯ ನಮೂನೆಯಲ್ಲಿ ‘ಹಿಂದಿನ ತಪ್ಪು ತಿದ್ದುವುದು’ ಎಂಬ ಅಂಕಣ ಇಲ್ಲ. ಮೊದಲ ಹತ್ತು ನಿಮಿಷ ಅದಕ್ಕೇ ತೆಗೆದುಕೊಂಡರೆ ಮೌಲ್ಯಮಾಪನ ಹಂತಕ್ಕೆ ಸಮಯ ಸಾಲದು. ಅವಲೋಕನವಿಲ್ಲದ ದಿನ ಸದ್ದಿಲ್ಲದೆ ತಿದ್ದಿಬಿಡಬಹುದಿತ್ತು. ಆದರೆ ತಪ್ಪು ಹೇಳಿದ್ದು ಮೇಲ್ವಿಚಾರಕರ ಮುಂದೆ, ಅಂಕ ಪಡೆದದ್ದೂ ಅವರಿಂದಲೇ.

ಹಳೇ ಚಿತ್ರಪಟವನ್ನೇ ಮತ್ತೆ ತೂಗುಹಾಕಿ, ‘ಹಬೆ’ ಎಂಬ ಪದವನ್ನು ಮಕ್ಕಳ ಎದುರಿಗೇ ಹೊಡೆದುಹಾಕಿದೆ. “ಹೋದ ವಾರ ನಾನು ಮೂರು ವಿಷಯ ತಪ್ಪು ಹೇಳಿದೆ. ಒಂದು ಗೊತ್ತಿಲ್ಲದೆ ಹೇಳಿದ್ದು, ಒಂದು ಯೋಚಿಸದೆ ಹೇಳಿದ್ದು, ಒಂದು ಪರೀಕ್ಷಿಸದೆ ಹೇಳಿದ್ದು” ಎಂದೆ. ತರಗತಿ ನಿಶ್ಶಬ್ದವಾಯಿತು. ಕೆಟಲ್ ಪ್ರಯೋಗ ತೋರಿಸಿದೆ. ಮಕ್ಕಳು ಸರದಿಯಲ್ಲಿ ಬಂದು ಆ ಕಾಣದ ಅಂತರವನ್ನು ಬಗ್ಗಿ ನೋಡಿದರು. ಪ್ರಶ್ನೆ ಕೇಳಿದ್ದ ಹುಡುಗ, “ಅವತ್ತೇ ಅನುಮಾನ ಇತ್ತು ಮಿಸ್. ಹೊಗೆ ಆದ್ರೆ ಕಣ್ಣು ಉರೀಬೇಕು, ಅನ್ನ ಕುದಿಯೋವಾಗ ಬರೋ ಬಿಳೀದು ಉರಿಸೋದಿಲ್ಲ” ಎಂದ. ಅನುಮಾನ ಇದ್ದೂ ಯಾಕೆ ಕೇಳಲಿಲ್ಲ ಎಂದಾಗ, “ನೀವು ಹೇಳಿದ ಮೇಲೆ ಮುಗೀತಲ್ಲ ಮಿಸ್” ಎಂದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಒಂದು ಲೆಕ್ಕ ಕೊಟ್ಟೆ. ಎಂಜಿನ್ನಿನ ಚಕ್ರದ ಸುತ್ತಳತೆ 4 ಮೀಟರ್ ಎಂದುಕೊಳ್ಳಿ. ಒಂದು ಸುತ್ತಿಗೆ ನಾಲ್ಕು ಛುಕ್. ಸೆಕೆಂಡಿಗೆ ಐದು ಛುಕ್ ಕೇಳಿಸಿದರೆ ಗಾಡಿಯ ವೇಗ ಎಷ್ಟು? ಒಂದು ಛುಕ್‌ಗೆ ಒಂದು ಮೀಟರ್, ಸೆಕೆಂಡಿಗೆ ಐದು ಮೀಟರ್, ಗಂಟೆಗೆ 18 ಕಿಲೋಮೀಟರ್. ಕಣ್ಣು ಮುಚ್ಚಿಕೊಂಡು ಕಿವಿಯಿಂದಲೇ ವೇಗ ಅಳೆಯಬಹುದು ಎಂದು ತಿಳಿದಾಗ ಇಡೀ ತರಗತಿ ರೈಲಾಯಿತು. ಇಂಥ ಗಾಡಿ ಈಗಲೂ ಎಲ್ಲಾದರೂ ಇದೆಯೇ ಎಂದು ಕೇಳಿದರು. ಮೆಟ್ಟುಪಾಳ್ಯದಿಂದ ಊಟಿಗೆ 46 ಕಿಲೋಮೀಟರ್ ಹತ್ತುವ ನೀಲಗಿರಿ ರೈಲು 2005ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಅದು ಕೂನೂರಿನವರೆಗೆ ಉಗಿ ಎಂಜಿನ್ನಿನಲ್ಲೇ ಹತ್ತುತ್ತದೆ ಎಂದೆ. ಹತ್ತಿರದಲ್ಲಿ ನೋಡಬೇಕಾದರೆ ಮೈಸೂರಿನಲ್ಲಿ 1979ರಲ್ಲಿ ಶುರುವಾದ ರೈಲು ಮ್ಯೂಸಿಯಂ ಇದೆ, ಅಲ್ಲಿ ಹಳೇ ಎಂಜಿನ್ನುಗಳನ್ನು ಮುಟ್ಟಿ ನೋಡಬಹುದು ಎಂದೂ ಹೇಳಿದೆ.

ಅಂದುಕೊಂಡ ಹಾಗೆಯೇ ಆ ದಿನದ ಪಾಠ ಮುಗಿಯಲಿಲ್ಲ. ಅವಲೋಕನ ಪುಸ್ತಕದಲ್ಲಿ ‘ಸಮಯ ನಿರ್ವಹಣೆ ಸುಧಾರಿಸಬೇಕು’ ಎಂದಿತ್ತು. ಅಂಕ ಹಿಂದಿನದಕ್ಕಿಂತ ಕಡಿಮೆ. ಅದರ ಬಗ್ಗೆ ನನ್ನ ದೂರಿಲ್ಲ, ಸಮಯ ಮೀರಿದ್ದು ನಿಜ. ಮೇಲ್ವಿಚಾರಕರು ಹೊರಡುವಾಗ, “ಹಿಂದಿನ ದಿನಚರಿಯ ಪುಟವನ್ನೂ ತಿದ್ದಿದಿರಾ?” ಎಂದು ಕೇಳಿದರು. ತಿದ್ದಿರಲಿಲ್ಲ. ತಿದ್ದಿಲ್ಲ ಎಂದೆ. ಆ ಸಂಜೆ ‘ಸಂದೇಹಗಳನ್ನು ಪರಿಹರಿಸಲಾಯಿತು’ ಎಂಬ ಸಾಲನ್ನು ಓದಲು ಬರುವ ಹಾಗೆ ಒಂದೇ ಗೆರೆಯಿಂದ ಹೊಡೆದು, ಕೆಳಗೆ ನಡೆದದ್ದನ್ನು ಬರೆದೆ.

ಮನೆಗೆಲಸವಾಗಿ, ಹಬೆಯ ಜೊತೆ ಕೆಲಸ ಮಾಡಿದ ಒಬ್ಬರನ್ನು ಮನೆಯಲ್ಲೋ ಊರಲ್ಲೋ ಮಾತಾಡಿಸಿ ಬರೆದು ತನ್ನಿ ಎಂದಿದ್ದೆ. ಬಂದದ್ದು ನಾನು ಎಣಿಸಿದ್ದಕ್ಕಿಂತ ಹೆಚ್ಚು. ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸುವ ತಾಯಿ, ಆಲೆಮನೆಯಲ್ಲಿ ಕೊಪ್ಪರಿಗೆ ನೋಡಿಕೊಳ್ಳುವ ಮಾವ, ಇಸ್ತ್ರಿ ಅಂಗಡಿಯ ಅಣ್ಣ. ಒಬ್ಬ ಹುಡುಗಿಯ ಹಾಳೆ ಮಾತ್ರ ಬೇರೆ ಥರ ಇತ್ತು. ಅದರಲ್ಲಿ ಹಬೆಯ ಮಾತಿಲ್ಲ. ‘ನಮ್ಮ ಮನೆಯಲ್ಲಿ ರೈಲಿನ ವಿಷಯ ಎತ್ತಿದರೆ ಅಪ್ಪ ಎದ್ದು ಹೋಗುತ್ತಾರೆ. ಹಳಿ ನಮ್ಮ ಗದ್ದೆಯಲ್ಲಿ ಬರುತ್ತದೆ’ ಎಂದು ಎರಡು ಸಾಲು. ಮೊದಲ ದಿನ ನಾನು ರೈಲಿನ ಚಿತ್ರ ತೂಗುಹಾಕಿದಾಗ ಎಲ್ಲರಿಗೂ ಅದು ಖುಷಿಯ ವಿಷಯವೇ ಎಂದುಕೊಂಡಿದ್ದೆ. ವಿರಾಮದಲ್ಲಿ ಅವಳನ್ನು ಕರೆದು ಮಾತಾಡಿಸಿದೆ. “ರೈಲು ಬರೋದು ಒಳ್ಳೇದಾ ಮಿಸ್?” ಎಂದು ಕೇಳಿದಳು.

ಊರಿಗೆ ಒಳ್ಳೆಯದು, ಅಭಿವೃದ್ಧಿ ಎಂಬ ಸಿದ್ಧ ಉತ್ತರ ಬಾಯಿಗೆ ಬಂದಿತ್ತು. “ಊರಿಗೆ ಅನುಕೂಲ ಆಗಬಹುದು. ನಿಮ್ಮ ಮನೆಗೆ ಏನಾಗುತ್ತದೆ ಅಂತ ನನಗೆ ಗೊತ್ತಿಲ್ಲ” ಎಂದೆ. ಅವಳು ತಲೆಯಾಡಿಸಿ, ಅವರ ಗದ್ದೆ ಎಲ್ಲಿದೆ, ಎಷ್ಟು ಹೋಗುತ್ತದೆ, ಬಾವಿ ಯಾವ ಕಡೆ ಉಳಿಯುತ್ತದೆ ಎಂದು ಗಂಟೆ ಹೊಡೆಯುವವರೆಗೆ ಹೇಳಿದಳು. ಅವಳ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಆದರೆ ಅವಳು ಕೇಳುವುದನ್ನು ನಿಲ್ಲಿಸಲಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಹೇಳುವಷ್ಟು ದೊಡ್ಡ ಅನುಭವ ನನ್ನದಲ್ಲ. ನನ್ನ ಪಾಠಯೋಜನೆಯಲ್ಲಿ ಈಗ ಎರಡು ಸಾಲು ಹೆಚ್ಚಿಗೆ ಇರುತ್ತವೆ. ಒಂದು, ‘ಈ ವಿಷಯ ನಮ್ಮ ಸುತ್ತ ಯಾರಿಗೆ ಗೊತ್ತು?’ ಎರಡು, ‘ಇದರಲ್ಲಿ ನನಗೆ ಗೊತ್ತಿಲ್ಲದ್ದು ಯಾವುದು?’ ಎರಡನೆಯದನ್ನು ತುಂಬುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ಜಗಲಿಯ ಮೇಲೆ ಕೂತ ಅಜ್ಜ ಈಗ ದಿನವೂ ಕೇಳುತ್ತಾರೆ: “ಗ್ಲಾಸ್ ನೋಡಿದ್ಯಾ?” ಕೆಲವು ದಿನ ನೋಡಿದ್ದೇನೆ ಎನ್ನುತ್ತೇನೆ. ಕೆಲವು ದಿನ ಇಲ್ಲ ಎಂದು ಹೇಳಿ, ಬಸ್ಸಿನಲ್ಲಿ ಪುಸ್ತಕ ತೆರೆಯುತ್ತೇನೆ.